ಹಡಗಿನಿಂದ ಇಳಿದ ದಿನ ಮಧ್ಯಾಹ್ನದ ವಿಮಾನ ಬೇಡವೇ ಬೇಡ

ನಿನ್ನೆ ಸಂಜೆ ಬದಿಯಡ್ಕದ ಮನೆ ಸೇರಿದೆವು. ಒಂದು ರಾತ್ರಿ ನಿದ್ದೆ ಮಾಡಿ ಎದ್ದ ಮೇಲೂ ಸಿಟ್ಟು ಇಳಿದಿಲ್ಲ. ಮುಂಬಯಿ ವಿಮಾನ ನಿಲ್ದಾಣದಲ್ಲಿ ನಮ್ಮ ಕುಂಬಳೆ, ನೀರ್ಚಾಲು, ಪೆರ್ಲ ಕಡೆಯ ಹಿರಿಯರು ಒಂದು ಸಾಲು ಮುಗಿಸಿ ಇನ್ನೊಂದಕ್ಕೆ, ಅದನ್ನು ಮುಗಿಸಿ ಮತ್ತೊಂದಕ್ಕೆ ಕಾಲೆಳೆದುಕೊಂಡು ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಚಿಕ್ಕಮ್ಮನ ಪಾದ ಊದಿ, ಚಪ್ಪಲಿಯ ಪಟ್ಟಿ ಚರ್ಮದೊಳಗೆ ಕಚ್ಚಿಕೊಂಡಿತ್ತು. ಅವರು ಚಪ್ಪಲಿ ಕಳಚಿ ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಔಷಧದ ಚೀಲ ಹಿಡಿದುಕೊಂಡು, ಆ ತಣ್ಣನೆಯ ನೆಲದ ಮೇಲೆ ಬರಿಗಾಲಿನಲ್ಲಿ ಒಂದೊಂದೇ ಹೆಜ್ಜೆ ಸರಿಯುತ್ತಿದ್ದರು. ನಾಲ್ಕು ದಿನ ಲಕ್ಷದ್ವೀಪ ಪ್ರವಾಸದ ಹಡಗಿನಲ್ಲಿ ಅಷ್ಟು ಸಂತೋಷವಾಗಿದ್ದವರು, ಊರಿಗೆ ಬಂದ ಮೇಲೆ ಹೇಳಿದ ಮೊದಲ ಮಾತು, "ಇನ್ನು ಎಲ್ಲಿಗೂ ಕರೆಯಬೇಡ."

ಈ ಕಷ್ಟ ತಾನಾಗಿ ಬಂದದ್ದಲ್ಲ. ಕಚೇರಿಯಲ್ಲಿ ಕುಳಿತು ಟಿಕೆಟ್ ಮಾಡಿದವರು ತಂದಿಟ್ಟದ್ದು. ಬೆಳಿಗ್ಗೆ ಹಡಗು ಮುಂಬಯಿ ಬಂದರಿಗೆ ಬರುತ್ತದೆ, ಹನ್ನೆರಡೂ ಮುಕ್ಕಾಲಿಗೆ ಮಂಗಳೂರಿನ ವಿಮಾನ. ಕಾಗದದ ಮೇಲೆ ನೋಡಿದರೆ ನಡುವೆ ಬೇಕಾದಷ್ಟು ಸಮಯವಿದೆ. ಆ ಸಮಯದಲ್ಲಿ ಏನೇನು ನಡೆಯಬೇಕು ಎಂಬುದನ್ನು ಒಮ್ಮೆಯಾದರೂ ತಮ್ಮ ಕಾಲಿನಿಂದ ನಡೆದು ನೋಡಿದವರು ಈ ಟಿಕೆಟ್ ಮಾಡುವುದಿಲ್ಲ.

ನನ್ನ ಹಳೆಯ ಕೆಲಸ ಇಲ್ಲಿರುವ ಹೆಚ್ಚಿನವರಿಗೆ ಗೊತ್ತು. ತೋಟಕ್ಕೆ ಮರಳುವ ಮೊದಲು ಗಲ್ಫಿನಲ್ಲಿ ಚೆಕ್‌ಇನ್ ಕೌಂಟರಿನ ಆ ಕಡೆ ನಿಂತು ಹಲವು ವರ್ಷ ಸಂಬಳ ಎಣಿಸಿದವನು ನಾನು. ಸಾಲು ಹೇಗೆ ಹುಟ್ಟುತ್ತದೆ ಎಂಬುದನ್ನು ದಿನವೂ ನೋಡುತ್ತಿದ್ದೆ. ಜನ ಜಾಸ್ತಿ ಎಂದ ಮಾತ್ರಕ್ಕೆ ಸಾಲು ಬೆಳೆಯುವುದಿಲ್ಲ, ಎಲ್ಲರೂ ಒಂದೇ ಗಳಿಗೆಗೆ ಬಂದರೆ ಬೆಳೆಯುತ್ತದೆ. ಹಡಗು ಎಂದರೆ ತೂಬು ಕಿತ್ತ ಕೆರೆ. ಒಂದೂವರೆ ಸಾವಿರ ಜನ ಎರಡು ಮೂರು ಗಂಟೆಯೊಳಗೆ ದಡಕ್ಕೆ ಬೀಳುತ್ತಾರೆ. ಅವರಲ್ಲಿ ದೊಡ್ಡ ಪಾಲು ಜನರ ಕೈಯಲ್ಲಿ ಹನ್ನೊಂದರಿಂದ ಎರಡು ಗಂಟೆಯ ಒಳಗಿನ ವಿಮಾನದ ಟಿಕೆಟ್ ಇರುತ್ತದೆ. ಏಕೆಂದರೆ ಎಲ್ಲ ಏಜೆಂಟರೂ ಒಂದೇ ರೀತಿ ಯೋಚಿಸಿರುತ್ತಾರೆ.

ಹಡಗಿನ ಬಗ್ಗೆ ನನಗೆ ದೂರಿಲ್ಲ. ಲಕ್ಷದ್ವೀಪದ ನೀರಿನ ಬಣ್ಣ ಕಂಡು ಅಪ್ಪಚ್ಚಿ (ಚಿಕ್ಕಪ್ಪ) ಕಟಕಟೆ ಹಿಡಿದು ನಿಂತವರು ಊಟದ ಕರೆ ಬಂದರೂ ಅಲುಗಲಿಲ್ಲ. 1956ರ ನವೆಂಬರ್ 1ರವರೆಗೆ ನಮ್ಮ ಕಾಸರಗೋಡು ತಾಲೂಕು, ಈಗ ಲಕ್ಷದ್ವೀಪದಲ್ಲಿರುವ ಅಮಿನಿ, ಕಡಮತ್ ಮುಂತಾದ ಅಮಿನ್‌ದಿವಿ ದ್ವೀಪಗಳು ಎಲ್ಲವೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಆ ದಿನ ಅವರಿಗೊಂದು ದಾರಿ, ನಮಗೊಂದು ದಾರಿ ಆಯಿತು. ಅಪ್ಪಚ್ಚಿ ಅದನ್ನು ಡೆಕ್ಕಿನಲ್ಲಿದ್ದ ಅಪರಿಚಿತರಿಗೆಲ್ಲ ಹೇಳಿದರು. ಅಂತಹ ಸಂತೋಷ ಕೊಟ್ಟ ಪ್ರವಾಸ ಕೊನೆಯ ಅರ್ಧ ದಿನದಲ್ಲಿ ಹಾಳಾಯಿತಲ್ಲ ಎಂಬುದೇ ನನ್ನ ಹೊಟ್ಟೆಯುರಿ.

ಹಡಗಿನಿಂದ ಇಳಿಯುವ ಕ್ರಮ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳಿಗೆ ಬಣ್ಣದ ಚೀಟಿ ಕಟ್ಟಿ ಕೋಣೆಯ ಬಾಗಿಲ ಹೊರಗೆ ಇಡಬೇಕು. ಸಿಬ್ಬಂದಿ ಅದನ್ನು ಒಯ್ದು ಬೆಳಿಗ್ಗೆ ಟರ್ಮಿನಲ್‌ನಲ್ಲಿ ರಾಶಿ ಹಾಕುತ್ತಾರೆ. ನಿಮ್ಮ ಬಣ್ಣ ಕರೆದಾಗ ಇಳಿದು, ರಾಶಿಯಲ್ಲಿ ನಿಮ್ಮದನ್ನು ಹುಡುಕಿಕೊಳ್ಳಬೇಕು. ಯಾರು ತಮ್ಮ ಪೆಟ್ಟಿಗೆಯನ್ನು ತಾವೇ ಹೊತ್ತು ಇಳಿಯುತ್ತೇನೆ ಎನ್ನುತ್ತಾರೋ ಅವರನ್ನು ಸಾಮಾನ್ಯವಾಗಿ ಮೊದಲು ಬಿಡುತ್ತಾರೆ. ನಮ್ಮ ತಂಡದ ಬಣ್ಣ ಕರೆಯುವಾಗಲೇ ಹತ್ತು ಗಂಟೆಯ ಹತ್ತಿರ. ಹಡಗು ನಿಲ್ಲುವ ಬಲ್ಲಾರ್ಡ್ ಪಿಯರ್‌ನಿಂದ ವಿಮಾನ ನಿಲ್ದಾಣ ಎಂದರೆ ಇಡೀ ಮುಂಬಯಿಯನ್ನು ದಕ್ಷಿಣದಿಂದ ಉತ್ತರಕ್ಕೆ ದಾಟುವುದು. ದೇಶೀಯ ವಿಮಾನಕ್ಕೆ ಸಾಮಾನು ಪಡೆಯುವ ಕೌಂಟರ್ ಹೊರಡುವುದಕ್ಕೆ 60 ನಿಮಿಷ ಮೊದಲು ಮುಚ್ಚುತ್ತದೆ. ಬಸ್ಸಿನಲ್ಲಿ ಕುಳಿತಷ್ಟು ಹೊತ್ತೂ ಎಲ್ಲರ ಕಣ್ಣು ಗಡಿಯಾರದ ಮೇಲೆ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಪೆಟ್ಟಿಗೆ ರಾತ್ರಿಯೇ ಹೊರಗೆ ಇಡಬೇಕಾದ್ದರಿಂದ, ಬೆಳಿಗ್ಗೆ ಎಲೆಯಡಿಕೆ ಹಾಕಲು ಬೇಕೆಂದು ಅಪ್ಪಚ್ಚಿ ತಮ್ಮ ಅಡಕತ್ತರಿಯನ್ನು ಕೈಚೀಲಕ್ಕೆ ಹಾಕಿಕೊಂಡಿದ್ದರು. ಹಿಡಿ ಸವೆದು ನುಣುಪಾದ, ಮೂಲೆಯಲ್ಲಿ ಹಿತ್ತಾಳೆಯ ಗುಬ್ಬಿ ಇರುವ ಕಬ್ಬಿಣದ ಅಡಕತ್ತರಿ, ಅಜ್ಜನ ಕಾಲದ್ದು. ವಿಮಾನ ನಿಲ್ದಾಣದಲ್ಲಿ ಸಾಮಾನು ಕೊಡುವ ನೂಕುನುಗ್ಗಲಿನಲ್ಲಿ ಅದನ್ನು ತೆಗೆದು ದೊಡ್ಡ ಪೆಟ್ಟಿಗೆಗೆ ಹಾಕಲು ಯಾರಿಗೂ ನೆನಪಾಗಲಿಲ್ಲ. ತಪಾಸಣೆಯ ಯಂತ್ರದಲ್ಲಿ ಅದು ಕಂಡಿತು. ಸಿಪಾಯಿ ಒಳ್ಳೆಯವನೇ, "ಹಿಂದಕ್ಕೆ ಹೋಗಿ ಕೌಂಟರಿನಲ್ಲಿ ಕೊಟ್ಟು ಬನ್ನಿ" ಎಂದ. ಆದರೆ ಅಷ್ಟು ಹೊತ್ತಿಗೆ ಕೌಂಟರ್ ಮುಚ್ಚಿ, ಗೇಟಿನಿಂದ ನಮ್ಮ ಹೆಸರು ಕೂಗುತ್ತಿದ್ದರು. "ಮಾಣೀ, ಬಿಡು, ಹೋಗಲಿ" ಎಂದರು ಅಪ್ಪಚ್ಚಿ. ವಿಮಾನದಲ್ಲಿ ಒಂದು ಮಾತೂ ಆಡಲಿಲ್ಲ. ಇನ್ನೊಂದು ಅರ್ಧ ಗಂಟೆ ಕೈಯಲ್ಲಿದ್ದರೆ ಆ ಅಡಕತ್ತರಿ ಇಂದು ಮನೆಯಲ್ಲಿರುತ್ತಿತ್ತು.

ತಂಡದವರು ಕೆಲವರು ಭದ್ರತಾ ಸಿಬ್ಬಂದಿಯನ್ನು ಬೈಯುತ್ತಿದ್ದರು. ನಾನು ಒಪ್ಪುವುದಿಲ್ಲ. 1999ರ ಕೊನೆಯಲ್ಲಿ ವಿಮಾನ ಅಪಹರಣವಾಗಿ ಕಂದಹಾರಿಗೆ ಹೋದ ಮೇಲೆ, 2000ದಿಂದ ಒಂದೊಂದೇ ವಿಮಾನ ನಿಲ್ದಾಣದ ಭದ್ರತೆ ಸಿಐಎಸ್‌ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ) ಕೈಗೆ ಬಂದಿತು. ಅವರು ನೋಡಬೇಕಾದದ್ದನ್ನು ನೋಡಿಯೇ ನೋಡುತ್ತಾರೆ, ನೋಡಲೂ ಬೇಕು. ಹೆಂಗಸರ ಸಾಲು ನಿಧಾನವಾಗುವುದಕ್ಕೂ ಕಾರಣವಿದೆ. ಪರದೆಯ ಹಿಂದೆ ಒಬ್ಬೊಬ್ಬರನ್ನೇ ಕರೆದು ತಪಾಸಣೆ ಮಾಡುತ್ತಾರೆ. ನಮ್ಮ ಅಮ್ಮಂದಿರು, ಅತ್ತಿಗೆಯರು ಬಳೆ, ಸರ, ಸೆರಗಿನ ಪಿನ್ನು ಎಲ್ಲದರೊಂದಿಗೆ ನಿಂತಿರುತ್ತಾರೆ. ಇದು ಲೆಕ್ಕಕ್ಕೆ ಬರಬೇಕಾದ ಸಮಯ. ಟಿಕೆಟ್ ಮಾಡಿದವರ ಲೆಕ್ಕದಲ್ಲಿ ಅದು ಇರಲೇ ಇಲ್ಲ.

ಹೊರಡುವ ಮೊದಲೇ ನಾನು ಏಜೆಂಟರಿಗೆ ಹೇಳಿದ್ದೆ, ಸಂಜೆಯ ವಿಮಾನಕ್ಕೆ ಹಾಕಿ ಎಂದು. "ಅಣ್ಣಾ, ವಿಮಾನ ನಿಲ್ದಾಣ ಎಂದ ಮೇಲೆ ಸಾಲು ಇದ್ದೇ ಇರುತ್ತದೆ. ಸಂಜೆಯವರೆಗೆ ಇಷ್ಟು ಜನರನ್ನು ನಾನು ಎಲ್ಲಿ ಕೂರಿಸಲಿ? ರಾತ್ರಿ ಉಳಿಸಿದರೆ ಕೋಣೆಯ ಬಾಡಿಗೆ ಯಾರು ಕೊಡುತ್ತಾರೆ?" ಎಂದರು. ಖರ್ಚಿನ ಮಾತು ಸುಳ್ಳಲ್ಲ. ಮುಂಬಯಿಯಲ್ಲಿ ಒಂದು ರಾತ್ರಿ ಎಂದರೆ ಅಗ್ಗವಲ್ಲ, ತೋಟ, ದನ ಬಿಟ್ಟು ಬಂದವರಿಗೆ ಇನ್ನೊಂದು ದಿನ ಸಿಗುವುದೂ ಕಷ್ಟ. ಆದರೆ ಹತ್ತಾರು ಸಾವಿರ ಕೊಟ್ಟು ಹಡಗು ಹತ್ತಿದವರಿಗೆ ಕೇಳಿ ನೋಡಿದ್ದರೆ, ಇನ್ನೊಂದಿಷ್ಟು ಸೇರಿಸಿ ಕೊಡುತ್ತಿದ್ದರು. ಕೇಳಲೇ ಇಲ್ಲ. ಮತ್ತೆ, ರಾತ್ರಿ ಉಳಿಯಲೇಬೇಕೆಂದು ನಾನು ಹೇಳಿದ್ದೂ ಅಲ್ಲ. ಒಂದೇ ದಿನದಲ್ಲಿ ಮಧ್ಯಾಹ್ನದ ಬದಲು ಸಂಜೆ ಎಂದಷ್ಟೇ. ಹಡಗು ಹವೆಯ ಕಾರಣದಿಂದ ಎರಡು ಗಂಟೆ ತಡವಾದರೆ ಏನು ಮಾಡುತ್ತಿದ್ದರು? ಹಡಗಿನವರಿಗೂ ವಿಮಾನದವರಿಗೂ ಪರಸ್ಪರ ಸಂಬಂಧವಿಲ್ಲ. ಟಿಕೆಟ್ ಬೇರೆ ಬೇರೆಯಾಗಿ ಮಾಡಿದ್ದಾದರೆ ವಿಮಾನ ತಪ್ಪಿದ ನಷ್ಟ ಪೂರ್ತಿ ನಮ್ಮದೇ.

ಎಲ್ಲಿ ಕೂರಿಸಲಿ ಎಂಬ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು. ಇಳಿದ ಜಾಗದಿಂದ ಸ್ವಲ್ಪವೇ ದೂರದಲ್ಲಿ ಕೋಟೆ (ಫೋರ್ಟ್) ಪ್ರದೇಶ. ಅಲ್ಲಿ ನಮ್ಮ ಕರಾವಳಿಯವರೇ ನಡೆಸುವ ಉಡುಪಿ ಹೋಟೆಲುಗಳಿವೆ, ಬಿಸಿ ಇಡ್ಲಿ, ಸಾಂಬಾರು, ನೆಮ್ಮದಿಯಾಗಿ ಒಂದು ಕಾಫಿ ಸಿಗುತ್ತದೆ. ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ ಹತ್ತಿರದಲ್ಲೇ ಇದೆ. ಹಡಗಿನ ಜನಸಂದಣಿ ಅಷ್ಟು ಹೊತ್ತಿನಲ್ಲಿ ವಿಮಾನ ನಿಲ್ದಾಣದಿಂದ ಕರಗಿಹೋಗಿರುತ್ತದೆ. ಕೈಯಲ್ಲಿ ಹಗುರವಾದ ಸಾಮಾನಿದ್ದರೆ ರಸ್ತೆಯ ಗೋಜೂ ಬೇಡ. 2025ರ ಅಕ್ಟೋಬರ್‌ನಲ್ಲಿ ಕಫ್ ಪರೇಡ್‌ವರೆಗೆ ತೆರೆದ ಮೆಟ್ರೊ 3ನೇ ಮಾರ್ಗ ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್) ನೆಲದಡಿಯಲ್ಲೇ ವಿಮಾನ ನಿಲ್ದಾಣದ ಎರಡೂ ಟರ್ಮಿನಲ್‌ಗಳಿಗೆ ಹೋಗುತ್ತದೆ. ನಿಮ್ಮ ವಿಮಾನ ಯಾವ ಟರ್ಮಿನಲ್ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ.

ಇನ್ನೂ ಒಂದು ದಾರಿ ಇದೆ, ಅದನ್ನು ಹೇಳಿದರೆ ಈಗಿನವರು ಮುಖ ತಿರುಗಿಸುತ್ತಾರೆ. ರೈಲು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿ ತೆರೆದ ಮೇಲೆ ಮುಂಬಯಿ ನಮಗೆ ಒಂದು ರಾತ್ರಿಯ ದೂರ. ಹೋಗುವಾಗ ನಾವೆಲ್ಲ ಕಾಸರಗೋಡಿನಲ್ಲಿ ನೇತ್ರಾವತಿ ಹತ್ತಿದವರೇ. ಬರುವಾಗ ಮಧ್ಯಾಹ್ನದ ಮೇಲೆ ಕುರ್ಲಾದಿಂದ ಹೊರಡುವ ಮತ್ಸ್ಯಗಂಧ ಹಿಡಿದಿದ್ದರೆ ಬೆಳಿಗ್ಗೆ ಮಂಗಳೂರು. ತೂಕ ನೋಡುವವರಿಲ್ಲ, ಬೂಟು, ಬೆಲ್ಟು ಕಳಚುವುದಿಲ್ಲ, ಅಡಕತ್ತರಿಯೂ ಅಪ್ಪಚ್ಚಿಯ ಕೈಯಲ್ಲೇ ಇರುತ್ತಿತ್ತು. ಮಂಡಿ ನೋವಿನವರಿಗೆ ಕೆಳಗಿನ ಬರ್ತ್ ಸಿಕ್ಕಿದರೆ ವಿಮಾನ ನಿಲ್ದಾಣದ ಸಾಲಿಗಿಂತ ಸಾವಿರ ಪಾಲು ವಾಸಿ.

ವಿಮಾನವೇ ಆಗಬೇಕೆನ್ನುವವರು ಸಾಮಾನು ಕಡಿಮೆ ಮಾಡಿ. ನಾಲ್ಕು ದಿನದ ಹಡಗಿಗೆ ಒಬ್ಬರಿಗೆ ಎರಡು ಪೆಟ್ಟಿಗೆ ಏಕೆ? ಸಾಮಾನ್ಯವಾಗಿ 7 ಕಿಲೋದವರೆಗಿನ ಒಂದು ಚೀಲವನ್ನು ಕೈಯಲ್ಲಿ ಒಯ್ಯಲು ಬಿಡುತ್ತಾರೆ. ಎಲ್ಲವೂ ಅದರಲ್ಲೇ ಹಿಡಿಸಿದರೆ ಹಡಗಿನಿಂದ ಮೊದಲು ಇಳಿಯಬಹುದು, ಟರ್ಮಿನಲ್‌ನ ರಾಶಿಯಲ್ಲಿ ಹುಡುಕುವುದು ತಪ್ಪುತ್ತದೆ, ಕೌಂಟರಿನ ಸಾಲು ಇಲ್ಲವೇ ಇಲ್ಲ. ಮೊಬೈಲಿನಲ್ಲಿ ವೆಬ್ ಚೆಕ್‌ಇನ್ ಮಾಡಿದ್ದೇನೆ ಎಂದು ನಮ್ಮ ತಂಡದ ಹುಡುಗನೊಬ್ಬ ಧೈರ್ಯವಾಗಿದ್ದ. ವೆಬ್ ಚೆಕ್‌ಇನ್ ಮಾಡಿದರೂ ಪೆಟ್ಟಿಗೆ ಕೊಡಲು ನಿಲ್ಲಲೇಬೇಕು. ಅದು ಕೈಚೀಲದವರಿಗೆ ಮಾತ್ರ ಪೂರ್ತಿ ಉಪಕಾರ. 2022ರ ಡಿಸೆಂಬರ್‌ನಲ್ಲಿ ಶುರುವಾದ ಡಿಜಿಯಾತ್ರಾ ಬಾಗಿಲಿನ ಸಾಲನ್ನು ಕಡಿಮೆ ಮಾಡುತ್ತದೆ, ಮುಖ ನೋಡಿ ಒಳಗೆ ಬಿಡುತ್ತದೆ. ಆದರೆ ಆಧಾರ್ ಜೋಡಿಸುವುದು, ಫೋಟೋ ತೆಗೆಯುವುದು ಎಲ್ಲ ಮನೆಯಲ್ಲೇ ಮಾಡಿಕೊಂಡು ಬರಬೇಕು. ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತು ಹಿರಿಯರ ಮೊಬೈಲಿಗೆ ಓಟಿಪಿ ಬರುವುದನ್ನು ಕಾಯುವುದಲ್ಲ. ಮುಖ ತೋರಿಸಿ ಒಳಗೆ ಹೋದರೂ ಚೀಲದ ಯಂತ್ರ, ಮೈ ತಪಾಸಣೆ ಎಲ್ಲರಿಗೂ ಒಂದೇ.

ಗಾಲಿಕುರ್ಚಿಯ ವಿಷಯದಲ್ಲಿ ನನಗೆ ಕೋಪ ಬರುತ್ತದೆ, ಹೇಳಿಬಿಡುತ್ತೇನೆ. ಚಿಕ್ಕಮ್ಮನಿಗೆ ಕೇಳಿದಾಗ ಸಿಗಲಿಲ್ಲ, ಎಲ್ಲವೂ ಹೋಗಿವೆ ಎಂದರು. ಸ್ವಲ್ಪ ಹೊತ್ತಿನಲ್ಲಿ ನಮ್ಮದೇ ಹಡಗಿನಲ್ಲಿ ಮೂರು ರಾತ್ರಿ ಕುಣಿದವರೊಬ್ಬರು ಗಾಲಿಕುರ್ಚಿಯಲ್ಲಿ ಕುಳಿತು ಸಾಲು ದಾಟಿ ಹೋದರು; ಗೇಟಿನ ಹತ್ತಿರ ಎದ್ದು ನಡೆದು ಅಂಗಡಿಗೆ ಹೊಕ್ಕರು. ಸಾಲು ತಪ್ಪಿಸುವ ಉಪಾಯ ಇದಲ್ಲ. ನಿಜವಾಗಿ ಬೇಕಾದವರು ಟಿಕೆಟ್ ಮಾಡುವಾಗಲೇ, ಕನಿಷ್ಠ ಎರಡು ದಿನ ಮೊದಲು, ವಿಮಾನದವರಿಗೆ ತಿಳಿಸಿ. ಅದನ್ನೂ ನಮ್ಮ ಏಜೆಂಟರು ಮಾಡಿರಲಿಲ್ಲ.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗಿ ಅಲ್ಲಿ ಹಡಗು ಹತ್ತುವವರು ನಮ್ಮಲ್ಲಿ ಈಗ ಬಹಳ. ಅಲ್ಲಿಯೂ ಕಥೆ ಇದೇ. ಫ್ಲೋರಿಡಾದ ಪೋರ್ಟ್ ಎವರ್‌ಗ್ಲೇಡ್ಸ್ ಬಂದರಿಗೂ ಫೋರ್ಟ್ ಲಾಡರ್‌ಡೇಲ್ ವಿಮಾನ ನಿಲ್ದಾಣಕ್ಕೂ ಕೂಗಳತೆಯ ದೂರ. ಹತ್ತಿರವಿದೆಯಲ್ಲ ಎಂದು ಬೆಳಗಿನ ವಿಮಾನ ಹಿಡಿಯಲು ಹೊರಟರೆ, ಐದು ಸಾವಿರ ಜನರ ಹಡಗುಗಳಿಂದ ಇಳಿದವರೆಲ್ಲ ಅದೇ ಯೋಚನೆಯಲ್ಲಿ ನಿಮ್ಮ ಮುಂದೆ ನಿಂತಿರುತ್ತಾರೆ. ಅಲ್ಲಿನ ಕೆಲವು ಹಡಗಿನವರು ದೇಶೀಯ ವಿಮಾನದ ಪ್ರಯಾಣಿಕರಿಗೆ ಹಡಗಿನಲ್ಲೇ ಬೋರ್ಡಿಂಗ್ ಪಾಸ್ ಕೊಟ್ಟು ಪೆಟ್ಟಿಗೆಯನ್ನು ನೇರವಾಗಿ ವಿಮಾನಕ್ಕೆ ತಲುಪಿಸುತ್ತಾರೆ. ಸ್ವಲ್ಪ ಶುಲ್ಕವಿದೆ, ಮಕ್ಕಳಿಗೆ ವಿಚಾರಿಸಲು ಹೇಳಿ. ಭಾರತಕ್ಕೆ ಬರುವ ಅಂತರರಾಷ್ಟ್ರೀಯ ವಿಮಾನಕ್ಕೆ ಅದು ನಡೆಯುವುದಿಲ್ಲ.

ದುಬೈಯ ರಶೀದ್ ಬಂದರಿನಲ್ಲಿಯೂ ಹಡಗಿನ ಪ್ರಯಾಣಿಕರಿಗೆಂದೇ ಎಮಿರೇಟ್ಸ್ ಚೆಕ್‌ಇನ್ ವ್ಯವಸ್ಥೆ ಮಾಡಿದೆ. ಬಂದರಿನಲ್ಲಿ ಪೆಟ್ಟಿಗೆ ಕೊಟ್ಟು ಕೈ ಬೀಸಿಕೊಂಡು ಹೋಗಬಹುದು. ಮುಂಬಯಿಯಲ್ಲಿ ಅದು ಏಕೆ ಆಗಬಾರದು ಎಂದು ಕೇಳುವ ಹಕ್ಕು ನಮಗಿದೆ, ಕೇಳಬೇಕು ಕೂಡ. ಆದರೆ ಅದು ಆಗುವವರೆಗೆ ಹಿರಿಯರ ಕಾಲು ಕಾಯುವುದಿಲ್ಲ.

ಡಿಸೆಂಬರ್‌ನಲ್ಲಿ ನಮ್ಮ ಕಡೆಯಿಂದ ಇನ್ನೊಂದು ತಂಡ ಹೊರಡಲಿದೆ. ಅದರ ಪಟ್ಟಿ ನಿನ್ನೆಯೇ ವಾಟ್ಸಾಪ್‌ಗೆ ಬಂದಿದೆ. ಬರುವ ವಿಮಾನದ ಸಮಯ ನೋಡಿದೆ, ಅದೇ ಹನ್ನೆರಡೂ ಮುಕ್ಕಾಲು. ಟಿಕೆಟ್ ಇನ್ನೂ ಆಗಿಲ್ಲವಂತೆ. ಹೆಸರು ಕೊಟ್ಟವರು ಮುಂಗಡ ಹಣ ಕಟ್ಟುವ ಮೊದಲು ಸಂಜೆಯ ವಿಮಾನ ಇಲ್ಲವೇ ಮತ್ಸ್ಯಗಂಧ ಎಂದು ಬರೆಸಿಕೊಳ್ಳಿ. ಏಜೆಂಟರು ಒಪ್ಪದಿದ್ದರೆ ನನಗೆ ಫೋನ್ ಮಾಡಿ, ಅವರೊಂದಿಗೆ ನಾನೇ ಮಾತನಾಡುತ್ತೇನೆ.