ಸುಮ್ಮನೆ ಕೂರುವುದರ ವೆಚ್ಚ

ಅರ್ಥಶಾಸ್ತ್ರದ ಮೊದಲ ಪಾಠ ಓದಿದವರಿಗೆ ಆಗುವ ಮೊದಲ ನಷ್ಟವೆಂದರೆ ಸುಮ್ಮನೆ ಕೂರುವ ಸುಖ ಕೈತಪ್ಪುವುದು. ಅಲ್ಲಿಯವರೆಗೆ ಗೋಡೆಗೊರಗಿ ಕಳೆದ ಮಧ್ಯಾಹ್ನಕ್ಕೆ ಯಾರೂ ಹಣ ಕೇಳಿರುವುದಿಲ್ಲ. ಪಾಠ ತಲೆಗೆ ಹತ್ತಿದ ಮೇಲೆ ಮಾತ್ರ, ಆ ಹೊತ್ತಿನಲ್ಲಿ ಮಾಡಬಹುದಾಗಿದ್ದ ಕೆಲಸ, ಗಳಿಸಬಹುದಾಗಿದ್ದ ಕೂಲಿ, ಓದಬಹುದಾಗಿದ್ದ ಪುಸ್ತಕ ಎಲ್ಲವೂ ಸಾಲ ಕೊಟ್ಟವರಂತೆ ಬಾಗಿಲಲ್ಲಿ ಬಂದು ನಿಲ್ಲುತ್ತವೆ. ಇದಕ್ಕೆ ಶಾಸ್ತ್ರ ಕೊಟ್ಟ ಹೆಸರು ಅವಕಾಶ ವೆಚ್ಚ. ಪುಣ್ಯಕ್ಕೆ ಅವರೆಲ್ಲರಿಗೂ ತೀರಿಸಬೇಕಾಗಿಲ್ಲ; ಒಂದೇ ಗಂಟೆಯಲ್ಲಿ ಮೂರೂ ಕೆಲಸ ಹೇಗೂ ಆಗುತ್ತಿರಲಿಲ್ಲವಾದ್ದರಿಂದ, ಬಿಟ್ಟುಕೊಟ್ಟವುಗಳಲ್ಲಿ ಅತ್ಯುತ್ತಮವಾದ ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕೆಂಬುದು ನಿಯಮ.

ಬ್ರಿಟಿಷ್ ಅರ್ಥಶಾಸ್ತ್ರಜ್ಞ ಲಿಯೊನೆಲ್ ರಾಬಿನ್ಸ್ 1932ರಲ್ಲಿ ಅರ್ಥಶಾಸ್ತ್ರವನ್ನು ನಿರೂಪಿಸಿದಾಗ ಹಣದ ಹೆಸರನ್ನೇ ಎತ್ತಲಿಲ್ಲ. ಮನುಷ್ಯನ ಗುರಿಗಳು ಹಲವು, ಅವುಗಳಿಗೆ ಬೇಕಾದ ಸಾಧನಗಳು ವಿರಳ, ಆ ಸಾಧನಗಳಿಗೆ ಪರ್ಯಾಯ ಉಪಯೋಗಗಳುಂಟು. ಇವುಗಳ ನಡುವೆ ಸಿಕ್ಕಿಕೊಂಡ ನಡವಳಿಕೆಯ ಅಧ್ಯಯನವೇ ಈ ಶಾಸ್ತ್ರ ಎಂದರು. ಹಾಗೆ ನೋಡಿದರೆ ಕಾಲಕ್ಕಿಂತ ವಿರಳವಾದದ್ದು ಯಾವುದು? ಕೋಟ್ಯಧೀಶನಿಗೂ ದಿನಕ್ಕೆ 24 ಗಂಟೆಗಳೇ. ಅಷ್ಟೇ ಅಲ್ಲ, ಅವನ ಒಂದು ಗಂಟೆಯ ಸಂಪಾದನೆ ಹೆಚ್ಚಿದಷ್ಟೂ ಅವನ ಸೋಮಾರಿತನವೂ ದುಬಾರಿಯಾಗುತ್ತದೆ. ಬಡವನಿಗಿಂತ ಸಿರಿವಂತನ ಮೇಲೆ ಹೆಚ್ಚು ಭಾರ ಹೊರಿಸುವ ಬೆಲೆ ಎಂಬ ಕಾರಣಕ್ಕೆ ನನಗೆ ಇದರ ಮೇಲೆ ಕೊಂಚ ಪ್ರೀತಿ.

ಈ ಲೆಕ್ಕದ ವೈಚಿತ್ರ್ಯ ಪೂರ್ಣವಾಗಿ ಕಾಣುವುದು ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲಿ ಕೊಟ್ಟ ಉದಾಹರಣೆಯಲ್ಲಿ. ಇಂತಿಷ್ಟು ಬಟ್ಟೆಯನ್ನು ಒಂದು ವರ್ಷದಲ್ಲಿ ತಯಾರಿಸಲು ಇಂಗ್ಲೆಂಡಿಗೆ 100 ಜನ ಬೇಕು, ಪೋರ್ಚುಗಲ್ಲಿಗೆ 90. ಇಂತಿಷ್ಟು ದ್ರಾಕ್ಷಾರಸಕ್ಕೆ ಇಂಗ್ಲೆಂಡಿಗೆ 120, ಪೋರ್ಚುಗಲ್ಲಿಗೆ 80. ಎರಡರಲ್ಲಿಯೂ ಪೋರ್ಚುಗಲ್ಲೇ ನಿಪುಣ. ಆದರೂ ಅದು ಬಟ್ಟೆಯ ಗೊಡವೆ ಬಿಟ್ಟು ದ್ರಾಕ್ಷಾರಸ ಮಾಡಿ, ಬಟ್ಟೆಯನ್ನು ತನಗಿಂತ ಮಂದಗತಿಯ ಇಂಗ್ಲೆಂಡಿನಿಂದ ಕೊಳ್ಳುವುದೇ ಲಾಭ. ಏಕೆಂದರೆ 90 ಜನರನ್ನು ಮಗ್ಗಕ್ಕೆ ಕೂರಿಸಿದರೆ ಪೋರ್ಚುಗಲ್ ಕಳೆದುಕೊಳ್ಳುವುದು 80 ಜನ ಮಾಡುವ ಆ ಒಂದು ಪಾಲಿಗಿಂತ ಹೆಚ್ಚಿನ ದ್ರಾಕ್ಷಾರಸವನ್ನು. ಇಂಗ್ಲೆಂಡ್ ತನ್ನ 100 ಜನರಿಂದ ಅದೇ ಬಟ್ಟೆ ಮಾಡಿಸಿದರೆ ಕಳೆದುಕೊಳ್ಳುವುದು ತನಗೆ 120 ಜನ ಬೇಕಾಗುವ ಆ ಒಂದು ಪಾಲಿಗಿಂತ ಕಡಿಮೆ. ನಿಪುಣನಿಗೆ ನೈಪುಣ್ಯವೇ ವೆಚ್ಚವಾಗಿ ಬಂದು ಕೂರುವ ಈ ತರ್ಕವನ್ನು ಒಮ್ಮೆಗೇ ಒಪ್ಪಿಕೊಳ್ಳುವ ವಿದ್ಯಾರ್ಥಿಗಳು ವಿರಳ, ಮಂತ್ರಿಗಳು ಇನ್ನೂ ವಿರಳ.

ಹಾಗಾದರೆ ಸುಮ್ಮನೆ ಕೂರಲೇಬಾರದೆ? 1870ರ ದಶಕದಲ್ಲಿ ಜೆವೊನ್ಸ್, ಮೆಂಗರ್, ವಾಲ್ರಾ ಎಂಬ ಅರ್ಥಶಾಸ್ತ್ರಜ್ಞರು ಮುಂದಿಟ್ಟ ಸೀಮಾಂತ ತುಷ್ಟಿಗುಣದ, ಅಂದರೆ ಯಾವುದರದ್ದೇ ಆದರೂ ಇನ್ನೊಂದು ಪಾಲಿನಿಂದ ಸಿಗುವ ಹೆಚ್ಚುವರಿ ತೃಪ್ತಿಯ, ವಿಚಾರ ಇಲ್ಲಿ ನೆರವಿಗೆ ಬರುತ್ತದೆ. ವಿಶ್ರಾಂತಿಯ ಮೊದಲ ಗಂಟೆ ಅಮೃತ, ಐದನೆಯದು ಆಕಳಿಕೆ. ಆದ್ದರಿಂದ ಇನ್ನೊಂದು ಗಂಟೆಯ ಸುಖವು ಆ ಗಂಟೆಗಾಗಿ ಬಿಟ್ಟುಕೊಟ್ಟದ್ದಕ್ಕೆ ಸಮವಾಗುವವರೆಗೆ ನಿರಾತಂಕವಾಗಿ ಒರಗಿಕೊಂಡಿರಬಹುದು.

ಬಿಟ್ಟುಕೊಟ್ಟ ಅವಕಾಶದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾದ ಶಾಸ್ತ್ರ, ಆಗಿಹೋದ ಖರ್ಚಿನ ವಿಷಯದಲ್ಲಿ ಮಾತ್ರ ಬಹಳ ಉದಾರಿ. ನಾಟಕ ನೀರಸವಾಗಿದ್ದರೆ, ಟಿಕೆಟ್ಟಿನ ಹಣ ಕುಳಿತರೂ ಬಾರದು, ಎದ್ದರೂ ಬಾರದು. ಉಳಿದ ಹೊತ್ತನ್ನು ಏನು ಮಾಡುವುದೆಂಬುದಷ್ಟೇ ಪ್ರಶ್ನೆ. ಆದರೆ ಒಂದು ಸಾಲಿನ ಮೊಣಕಾಲುಗಳನ್ನೆಲ್ಲ ದಾಟಿ ಹೊರಹೋಗುವ ಮುಜುಗರವು ಇನ್ನೂ ಆಗಬೇಕಿರುವ ಖರ್ಚಾದ್ದರಿಂದ, ಅದನ್ನು ಲೆಕ್ಕಕ್ಕೆ ಹಿಡಿಯಲು ಅಡ್ಡಿಯಿಲ್ಲ.