ಗೋಲ್ಡನ್‌ಐ ಮೊದಲನೆಯದಲ್ಲ, ಆದರೂ ನನಗೆ ಅದೇ ಅಚ್ಚುಮೆಚ್ಚು

‘ಕನ್ಸೋಲ್‌ಗೆ (ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರಕ್ಕೆ) ಬಂದ ಮೊದಲ ಫಸ್ಟ್-ಪರ್ಸನ್ ಶೂಟರ್, ಅಂದರೆ ಪಾತ್ರದ ಕಣ್ಣಿಂದಲೇ ನೋಡುತ್ತಾ ಗುಂಡು ಹಾರಿಸುವ ಗೇಮ್, ಗೋಲ್ಡನ್‌ಐ 007’ ಅಂತ ಒಂದು ಮಾತು ಓಡಾಡುತ್ತಿದೆ. ಅದು ತಪ್ಪು. ನಿಂಟೆಂಡೊ 64 ಕನ್ಸೋಲ್‌ಗೆ ಈ ಗೇಮ್ ಬಂದಿದ್ದು 1997ರ ಆಗಸ್ಟ್‌ನಲ್ಲಿ. ಅಷ್ಟರಲ್ಲಾಗಲೇ ಅದಕ್ಕಿಂತ ಹಳೆಯ ಸೂಪರ್ ನಿಂಟೆಂಡೊ ಕನ್ಸೋಲ್‌ನಲ್ಲಿ ವುಲ್ಫೆನ್‌ಸ್ಟೈನ್ 3ಡಿ, ಡೂಮ್ ಎಂಬ ಶೂಟರ್‌ಗಳು ಎರಡೂ ಇದ್ದವು. ಅದೇ ವರ್ಷ, ನಿಂಟೆಂಡೊ 64ರಲ್ಲೇ ಟ್ಯುರಾಕ್ ಎಂಬ ಶೂಟರ್ ಕೂಡ ಮುಂಚೆಯೇ ಬಂದಿತ್ತು.

ನಾಲ್ಕು ಜನ ಒಟ್ಟಿಗೆ ಆಡಲಿ ಅಂತಲೇ ಇದನ್ನು ಮಾಡಿದರು ಅನ್ನೋದೂ ಸರಿಯಲ್ಲ. ಇಂಗ್ಲೆಂಡಿನ ರೇರ್ ಕಂಪನಿಯವರು ಆ ಭಾಗ ಸೇರಿಸಿದ್ದು ಕೊನೆಯ ಕೆಲವೇ ತಿಂಗಳಲ್ಲಿ.

ನನಗೆ ಇದು ಇಷ್ಟ ಆಗೋದಕ್ಕೆ ‘ಮೊದಲನೆಯದು’ ಅನ್ನೋ ಪಟ್ಟ ಬೇಕಿಲ್ಲ. ಫೆಸಿಲಿಟಿ ಲೆವೆಲ್ ನೋಡಿ: ಗಾಳಿ ಕೊಳವೆಯೊಳಗೆ ಶುರು, ಕೆಳಗೆ ಟಾಯ್ಲೆಟ್, ಅಲ್ಲಿ ಏನೂ ಗೊತ್ತಿಲ್ಲದೆ ನಿಂತ ಕಾವಲುಗಾರ, ನಾವು ಉಸಿರು ಬಿಗಿಹಿಡಿದು ಮೇಲಿಂದ ಗುರಿ ಇಡುತ್ತೇವೆ. ಗುಂಡು ಕೈಗೆ ಬಿದ್ದರೆ ಅವನು ನಲುಗುವ ರೀತಿಯೇ ಬೇರೆ, ಕಾಲಿಗೆ ಬಿದ್ದರೆ ಬೇರೆ. ಆ ಕಾಲಕ್ಕೆ ಅದು ಸುಮ್ನೆ ಮಾತಲ್ಲ ಅಲ್ವಾ? ಇನ್ನೊಂದು, ಕಷ್ಟದ ಹಂತಕ್ಕೆ ಹೋದರೆ ವೈರಿಗಳ ಬಲ ಮಾತ್ರವಲ್ಲ, ನಾವು ಮುಗಿಸಬೇಕಾದ ಕೆಲಸಗಳೂ ಜಾಸ್ತಿ ಆಗುತ್ತವೆ, ಹಾಗಾಗಿ ಗೊತ್ತಿರುವ ಜಾಗದಲ್ಲೇ ಹೊಸ ದಾರಿ ಹುಡುಕಬೇಕು. ನಾನು ಮತ್ತೆ ಮತ್ತೆ ಆಡುವುದು ಇದಕ್ಕೇ.