ಎ ಹಾಕೋದೋ, ಇ ಹಾಕೋದೋ

ಕೂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್ಲಿನ ಜಾಹೀರಾತೊಂದು ಫೋನಿನಲ್ಲಿ ಬಂತು. ಇಂಗ್ಲಿಷಿನಲ್ಲಿ, ದಪ್ಪ ಅಕ್ಷರದಲ್ಲಿ, ‘ಸ್ಟೇಷನರಿ ಬೈಕ್’. ಹಾಕಿದ್ದು ಮಾತ್ರ ‘ಇ’ ಇರುವ ಸ್ಟೇಷನರಿ. ಅಂದರೆ ಪೆನ್ನು, ಪೇಪರು, ಲಕೋಟೆಗಳ ಸೈಕಲ್ಲು! ನಿಂತಲ್ಲೇ ನಿಲ್ಲುವುದಕ್ಕೆ ‘ಎ’ ಬೇಕು. ಕನ್ನಡದಲ್ಲಿ ಬರೆದಿದ್ದರೆ ಎರಡೂ ಒಂದೇ, ಜಗಳಕ್ಕೆ ಜಾಗವೇ ಇರುತ್ತಿರಲಿಲ್ಲ. ಪಕ್ಕದಲ್ಲಿದ್ದವರಿಗೆ ತೋರಿಸಿದೆ. “ಅರ್ಥ ಆಯ್ತಲ್ಲ, ಬಿಡಿ” ಅಂದರು. ಅರ್ಥ ಆಗುವುದೇ ತೊಂದರೆ. ಆಗದೆ ಇದ್ದಿದ್ದರೆ ಯಾರಾದರೂ ತಿದ್ದುತ್ತಿದ್ದರು.

ಒಂದೇ ಅಕ್ಷರದಿಂದ ಶುರುವಾಗಿ ಗೊಂದಲ ಮಾಡುವ ಇಂಥ ಇಂಗ್ಲಿಷ್ ಜೋಡಿಗಳ ಪಟ್ಟಿಯೇ ನನ್ನ ಹತ್ತಿರ ಇದೆ. ಅವಕ್ಕೆ ಮೇಷ್ಟ್ರುಗಳ ಹತ್ತಿರ ಉಪಾಯಗಳಿವೆ. ಎನ್ವಲಪ್ಪಿಗೆ ‘ಇ’, ಹಾಗಾಗಿ ಕಾಗದದ ಸ್ಟೇಷನರಿಗೂ ‘ಇ’. ಶಾಲೆಯ ಪ್ರಿನ್ಸಿಪಾಲರ ಕೊನೆಯಲ್ಲಿ ‘ಪಾಲ್’, ಅಂದರೆ ಗೆಳೆಯ. ತತ್ವದ ಪ್ರಿನ್ಸಿಪಲ್‌ನಲ್ಲಿ ಅದಿಲ್ಲ. ಪ್ರಿನ್ಸಿಪಾಲರನ್ನು ಗೆಳೆಯ ಅಂದುಕೊಂಡ ಮಗುವನ್ನು ನಾನಂತೂ ನೋಡಿಲ್ಲ. ಉಪಾಯ ನೆನಪಿರುತ್ತದೆ, ಯಾವುದಕ್ಕೆ ಹೇಳಿದ್ದು ಅನ್ನೋದು ಮರೆತುಹೋಗುತ್ತದೆ.

ಅದರ ಬದಲು ಸ್ಟೇಷನರ್ ಕಥೆ ಹೇಳಬಾರದಾ? ಮಧ್ಯಯುಗದ ಯುರೋಪಿನಲ್ಲಿ ಊರೂರು ಸುತ್ತಿ ಮಾರುವವರು ಇದ್ದರು. ಒಂದೇ ಕಡೆ ಅಂಗಡಿ ಹಾಕಿ ಕೂತವನು ಸ್ಟೇಷನರ್. ಅವನು ನಿಂತಲ್ಲೇ ನಿಂತವನು, ಅಷ್ಟೇ. 13ನೇ ಶತಮಾನದ ಬೊಲೋನ್ಯಾ, ಪ್ಯಾರಿಸ್ ವಿಶ್ವವಿದ್ಯಾಲಯಗಳಲ್ಲಿ ಅವನ ದರ್ಬಾರು ಜೋರು. ಪಾಠದ ಪುಸ್ತಕದ ಮೂಲಪ್ರತಿ ಅವನ ಹತ್ತಿರ. ಇಡೀ ಪುಸ್ತಕ ಕೊಡುತ್ತಿರಲಿಲ್ಲ. ಹೊಲಿಯದೆ ಬಿಡಿ ಕಂತೆಗಳಾಗಿ ಇಟ್ಟು, ಒಂದೊಂದನ್ನೇ ನಕಲು ಮಾಡಿಕೊಳ್ಳಲು ಬಾಡಿಗೆಗೆ ಕೊಡುತ್ತಿದ್ದ. ಆ ಕಂತೆಗೆ ಪೆಸಿಯಾ ಅಂತ ಹೆಸರು. ಬಾಡಿಗೆ ಎಷ್ಟು ಅಂತ ವಿಶ್ವವಿದ್ಯಾಲಯವೇ ಗೊತ್ತುಮಾಡುತ್ತಿತ್ತು.

ನಿಮಗೆ ಬೇಕಾದ ಕಂತೆ ಬೇರೆಯವನ ಕೈಯಲ್ಲಿದ್ದರೆ? ಕಾಯುವ ತಾಳ್ಮೆ ಇಲ್ಲದವನು ಅಂದಾಜಿನಲ್ಲಿ ಜಾಗ ಬಿಟ್ಟು ಮುಂದಿನ ಕಂತೆ ಶುರುಮಾಡುತ್ತಿದ್ದ. ಆಮೇಲೆ ನೋಡಿದರೆ ಜಾಗ ಕಡಿಮೆ! ಆ ಕಾಲದ ಹಸ್ತಪ್ರತಿಗಳಲ್ಲಿ ಅಕ್ಷರಗಳು ಇದ್ದಕ್ಕಿದ್ದಂತೆ ಇರುವೆಯಷ್ಟಾಗುತ್ತವೆ, ಮಸಿಯ ಬಣ್ಣ ಬದಲಾಗುತ್ತದೆ. ಕೆಲವು ಕಡೆ ಜಾಗ ಜಾಸ್ತಿಯಾಗಿ ಖಾಲಿಯೇ ಉಳಿದಿದೆ. ಇದನ್ನು ಓದಿದಾಗಿನಿಂದ ಆ ನಕಲುಗಾರನ ಮೇಲೆ ನನಗೆ ವಿಪರೀತ ಪ್ರೀತಿ.

ಲಂಡನ್ನಿನ ಸ್ಟೇಷನರುಗಳು 1403ರಲ್ಲಿ ಸಂಘ ಕಟ್ಟಿದರು. 1557ರಲ್ಲಿ ರಾಜಾಜ್ಞೆಯ ಸನ್ನದು ಸಿಕ್ಕಿತು. ಆಮೇಲೆ ಅವರನ್ನು ಬಿಟ್ಟು ಬೇರೆಯವರು ಮುದ್ರಿಸುವುದೇ ಕಷ್ಟವಾಯಿತು. ನಿಂತಲ್ಲೇ ನಿಂತವರು ಎಷ್ಟು ಮುಂದೆ ಹೋದರು ನೋಡಿ. ಅವರು ಮಾರಿದ ಸಾಮಾನೇ ಸ್ಟೇಷನರಿ. ‘ಇ’ ಬಂದದ್ದು ಸ್ಟೇಷನರ್ ಅನ್ನುವ ಹೆಸರಿನ ಕೊನೆಯಿಂದ. ಎನ್ವಲಪ್ಪಿಗೂ ಅದಕ್ಕೂ ಸಂಬಂಧವಿಲ್ಲ.

ಉಳಿದ ಜೋಡಿಗಳ ಬಗ್ಗೆಯೂ ಬರೆಯುವುದಿತ್ತು. ಹೊಗಳಿಕೆಯ ಕಾಂಪ್ಲಿಮೆಂಟ್, ಪೂರಕವಾದ ಕಾಂಪ್ಲಿಮೆಂಟ್ ಎರಡೂ ಒಂದೇ ಲ್ಯಾಟಿನ್ ತಾಯಿಯ ಮಕ್ಕಳು. ಇಂಜೀನಿಯಸ್ ಅಂದರೆ ಚತುರ, ಇಂಜೆನ್ಯುಅಸ್ ಅಂದರೆ ಮುಗ್ಧ. ಒಬ್ಬರನ್ನು ಹೊಗಳಲು ಹೋಗಿ ಪೆದ್ದ ಅಂದುಬಿಡಬಹುದು.

ಇವೆಲ್ಲ ಹೋಗಲಿ, ಇನ್‌ಫ್ಲೇಮಬಲ್ ಮಾತ್ರ ಅಪಾಯದ್ದು. ಶುರುವಿನ ‘ಇನ್’ ನೋಡಿ, ಬೆಂಕಿ ಹತ್ತುವುದಿಲ್ಲ ಅಂತ ಯಾರಾದರೂ ತಿಳಿದಾರು. ಅಲ್ಲಿ ಅದು ‘ಇಲ್ಲ’ ಅನ್ನುವ ‘ಇನ್’ ಅಲ್ಲ, ‘ಒಳಗೆ’ ಅನ್ನುವ ‘ಇನ್’. ಚೆನ್ನಾಗಿಯೇ ಹತ್ತುತ್ತದೆ. 1920ರ ದಶಕದಲ್ಲಿ ಅಮೆರಿಕದ ಅಗ್ನಿ ಸುರಕ್ಷತೆಯವರು ಇದಕ್ಕೆ ಹೆದರಿಯೇ, ಸುಮ್ನೆ ಫ್ಲೇಮಬಲ್ ಅಂತ ಬರೆಯಿರಿ ಅಂದರು. ಪದ ತಿದ್ದಿದ ಇಂಥ ಬುದ್ಧಿವಂತರು ಅಪರೂಪ.

ಅಫೆಕ್ಟ್, ಎಫೆಕ್ಟ್ ಬಗ್ಗೆ ಕೇಳಬೇಡಿ. ಅವು ಶುರುವಾಗುವ ಅಕ್ಷರವೇ ಬೇರೆ ಬೇರೆ, ನನ್ನ ಪಟ್ಟಿಗೆ ಬರುವುದಿಲ್ಲ.